ಹಾರುವ ಬಸ್ಸಿನ ಮುಂದೆ ಮತ್ತೊಮ್ಮೆ

ಮುಂಬಯಿಯ ಕುರ್ಲಾದ ಬಂಟರ ಭವನದಲ್ಲಿ ತಾಳಮದ್ದಳೆ ಕೇಳಿ, ಅಲ್ಲಿಂದ ಬಾಂದ್ರಾ-ಕುರ್ಲಾ ಸಂಕೀರ್ಣದ ಮೇಕರ್ ಮ್ಯಾಕ್ಸಿಟಿ ಆವರಣಕ್ಕೆ ಹೋಗಿ, ಸುದರ್ಶನ ಶೆಟ್ಟಿಯವರ ‘ಫ್ಲೈಯಿಂಗ್ ಬಸ್’ ಶಿಲ್ಪವನ್ನು ಮತ್ತೊಮ್ಮೆ ನೋಡಿ ಬಂದೆ. 2012ರಲ್ಲಿ ಅದು ಅಲ್ಲಿ ನಿಂತ ಹೊಸದರಲ್ಲಿ ನೋಡಿದ್ದಾಗ ಸೊಗಸಾದ ಕಲ್ಪನೆ ಎಂದಷ್ಟೇ ಅನ್ನಿಸಿತ್ತು. ಈ ಸಲ ಗಂಟಲು ಕಟ್ಟಿತು.

ಮುಂಬಯಿಯ ನಗರ ಸಾರಿಗೆ ನಡೆಸುವ ಬೆಸ್ಟ್ ಸಂಸ್ಥೆಯ ಡಬಲ್ ಡೆಕರ್ ಬಸ್ಸನ್ನು ಮರುನಿರ್ಮಿಸಿ, ಅದಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ವಿಶಾಲ ರೆಕ್ಕೆಗಳನ್ನು ಜೋಡಿಸಿದ ಕೃತಿಯಿದು. ಆಗ ಅಂಥ ಬಸ್ಸುಗಳು ಊರಿನಲ್ಲಿ ಓಡುತ್ತಲೇ ಇದ್ದುದರಿಂದ ನೋಡುವವರ ಕಣ್ಣು ರೆಕ್ಕೆಗಳ ಮೇಲೆಯೇ ನಿಲ್ಲುತ್ತಿತ್ತು. ಮುಂಬಯಿಯಲ್ಲಿ 1937ರಲ್ಲಿ ಆರಂಭವಾದ ಡಬಲ್ ಡೆಕರ್ ಪರಂಪರೆಯಲ್ಲಿ, ನಿತ್ಯದ ಪ್ರಯಾಣಿಕರನ್ನು ಹೊತ್ತ ಕೊನೆಯ ಡೀಸೆಲ್ ಬಸ್ಸುಗಳು 2023ರ ಸೆಪ್ಟೆಂಬರ್ 15ರಂದು ನಿವೃತ್ತವಾದವು. ಈಗಿನ ವಿದ್ಯುತ್ ಬಸ್ಸುಗಳಲ್ಲಿ ಹವಾನಿಯಂತ್ರಣವಿದೆ. ಮೇಲಂತಸ್ತಿನ ಮುಂದಿನ ಸೀಟಿಗಾಗಿ ಅಪ್ಪನ ಕೈಬಿಡಿಸಿಕೊಂಡು ಓಡುತ್ತಿದ್ದ ನಮಗೆ ಅಲ್ಲಿ ಸಿಗುತ್ತಿದ್ದ ಗಾಳಿ ಮಾತ್ರ ಇಲ್ಲ. ಕಲಾವಿದರು ಒಂದು ಮೊಳೆಯನ್ನೂ ಬದಲಿಸದೆ ಕೃತಿಯ ಅರ್ಥ ಬದಲಾಗಿದೆ. ಈಗ ನನ್ನ ಕಣ್ಣು ರೆಕ್ಕೆಯನ್ನು ದಾಟಿ ಬಸ್ಸಿನ ಮೇಲೆ ನಿಲ್ಲುತ್ತದೆ.

1961ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, ಸರ್ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತ ಶೆಟ್ಟಿಯವರ ತಂದೆ ಯಕ್ಷಗಾನ ಕಲಾವಿದರು. ಅದನ್ನು ತಿಳಿದು ನೋಡಿದಾಗ, ಈ ದುಡಿಮೆಯ ಬಸ್ಸಿಗೆ ರೆಕ್ಕೆ ಕಟ್ಟಿದ ಬಗೆ ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ವೇಷ ಕಟ್ಟುವ ಕ್ರಮದಂತೆಯೇ ಕಾಣುತ್ತದೆ: ಹಗಲೆಲ್ಲ ಹೋಟೆಲಿನಲ್ಲಿ ದುಡಿದವನು ರಾತ್ರಿ ಕಿರೀಟವಿಟ್ಟು ದೇವೇಂದ್ರನಾಗುತ್ತಾನೆ, ಆದರೆ ಅವನ ಕಾಲು ರಂಗಸ್ಥಳದ ನೆಲವನ್ನು ಬಿಡುವುದಿಲ್ಲ.

ತಕರಾರು ಒಂದಿದೆ. ರೆಕ್ಕೆಗಳ ಹೊಳಪು ಮುಪ್ಪಾಗುವುದಿಲ್ಲ, ಹೀಗಾಗಿ ಅವು ಬಸ್ಸಿನೊಂದಿಗೆ ಕಾಲವನ್ನು ಹಂಚಿಕೊಳ್ಳುವುದಿಲ್ಲ. ಒಡೆದ ಪಿಂಗಾಣಿ ಪಾತ್ರೆಗಳ ಕಳೆದುಹೋದ ಭಾಗವನ್ನು ಶೆಟ್ಟಿಯವರು ಮರದಲ್ಲಿ ಕೆತ್ತಿ ಕೂಡಿಸಿದ ಕೃತಿಗಳು ಈ ವಿಷಯದಲ್ಲಿ ಹೆಚ್ಚು ಆಳವಾದವು; ಅಲ್ಲಿ ಬೆಸುಗೆಯನ್ನು ಮರೆಮಾಚಿಲ್ಲ, ಪಾತ್ರೆ ಇಡಿಯಾಗಿ ಕಂಡರೂ ಒಡೆದ ಗಳಿಗೆ ಗೆರೆಯಾಗಿ ಉಳಿದಿರುತ್ತದೆ. ಹಳೆಯ ಮರವನ್ನು ಬಳಸಿ ಕಟ್ಟಿದ, 2016ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶಿತವಾದ ಅವರ ‘ಶೂನ್ಯ ಘರ್’ (ಬರಿದಾದ ಮನೆ) ಇನ್ನೂ ಮುಂದೆ ಹೋಗುತ್ತದೆ. ಅದರ ಹಿಂದಿರುವುದು ನಾಥಪಂಥದ ಯೋಗಿ ಗೋರಖನಾಥರ ನಿರ್ಗುಣ ಪದ, ಅಂದರೆ ನಿರಾಕಾರ ತತ್ತ್ವವನ್ನು ಹಾಡುವ ಪದ. ಅದನ್ನು ಹಾಡಿ ನಾಡಿನ ಕಿವಿಯಲ್ಲಿ ನೆಲೆಗೊಳಿಸಿದವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು. ಅಲ್ಲಮನ ಬಯಲನ್ನು ಕೇಳಿ ಬೆಳೆದ ಕನ್ನಡಿಗರಿಗೆ ಆ ಶೂನ್ಯ ಅಪರಿಚಿತವಲ್ಲ.

ಊರಿನಿಂದ ಬಂದ ನೆಂಟರನ್ನು ಗೇಟ್‌ವೇ ಆಫ್ ಇಂಡಿಯಾಕ್ಕೆ ಕರೆದೊಯ್ಯುವವರು ಇದಕ್ಕೂ ಒಂದು ಗಂಟೆ ಕೊಡಲಿ. ಬಾಂದ್ರಾ ಅಥವಾ ಕುರ್ಲಾ ನಿಲ್ದಾಣದಿಂದ ಬಸ್ಸಿನಲ್ಲೇ ಹೋಗಬಹುದು. ಹಳೆಯ ಡಬಲ್ ಡೆಕರಿನಲ್ಲಿ ಓಡಾಡಿದ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಬೇಕು, ಅವರು ಮಾತನಾಡಲು ತೊಡಗಿದರೆ ಅವಸರ ಮಾಡಬಾರದು.