ಕಲಬುರಗಿ ತೊಗರಿ ಬೇಳೆ: ರುಚಿಗೆ ಪೂರ್ಣ ಅಂಕ, ಲಾಭದ ಹಂಚಿಕೆಗೆ ಇಲ್ಲ

2019ರಲ್ಲಿ ಜಿಐ (ಆಯಾ ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬೇಳೆ ಇದು. ಕೊಳ್ಳುವಾಗ ಪೊಟ್ಟಣದ ಮೇಲೆ ಆ ಗುರುತು ನೋಡಿ. ಮಿರಮಿರ ಹೊಳೆಯುವ ಬೇಳೆ ಬೇಡ, ಅದು ಪಾಲಿಶ್ ಮಾಡಿದ್ದು. ಒಂದು ಕಪ್ಪಿಗೆ ಮೂರು ಕಪ್ ನೀರು ಹಾಕಿ, ಅರ್ಧ ಗಂಟೆ ನೆನೆಸಿ, ಮೂರ್ನಾಲ್ಕು ಸೀಟಿ ಕೂಗಿಸಿದರೆ ಬೆಣ್ಣೆಯಂತೆ ಬೇಯುತ್ತದೆ. ಹುಣಸೆ ಹುಳಿ ಮೊದಲೇ ಬಿದ್ದರೆ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಘಮ, ರುಚಿ ಎರಡಕ್ಕೂ ಸಾಟಿಯಿಲ್ಲ.

ಬೇಸರ ಬೇರೆಡೆ ಇದೆ. ಒಂದು ಕ್ವಿಂಟಲ್ ತೊಗರಿ ಗಿರಣಿಗೆ ಹೋದರೆ ಸುಮಾರು 70ರಿಂದ 75 ಕೆಜಿ ಬೇಳೆ ಬರುತ್ತದೆ. ಹೊಟ್ಟು, ನುಚ್ಚು ಕೂಡ ದನದ ಮೇವಾಗಿ ಮಾರಾಟವಾಗುತ್ತವೆ. ಕಾಳನ್ನೇ ಮಾರುವ ರೈತನಿಗೆ ಇದರಲ್ಲಿ ಪಾಲಿಲ್ಲ. ಐವರಿ ಕೋಸ್ಟ್, ಘಾನಾ ದೇಶಗಳ ಕಥೆಯೂ ಇದೇ: ಕೋಕೋ ಬೆಳೆಯುವವರು ಅವರು, ಚಾಕೊಲೇಟಿನ ಲಾಭದ ದೊಡ್ಡ ಪಾಲು ಶ್ರೀಮಂತ ದೇಶಗಳ ಕಂಪನಿಗಳಿಗೆ. ಕಚ್ಚಾ ಮಾಲನ್ನಷ್ಟೇ ಮಾರುವ ನಾಡುಗಳ ಹಿಂದುಳಿಯುವಿಕೆಯ ಒಂದು ಮುಖ್ಯ ಬೇರು ಇಲ್ಲಿದೆ.

ಹಾಗಾಗಿ ರೈತರೇ ಸೇರಿ ಕಟ್ಟಿಕೊಂಡ ರೈತ ಉತ್ಪಾದಕ ಸಂಘಗಳ ಮಿನಿ ದಾಲ್ ಮಿಲ್‌ನ (ಸಣ್ಣ ಬೇಳೆ ಗಿರಣಿಯ) ಬೇಳೆಯನ್ನೇ ಆರಿಸಿ. ಸಂಘಗಳೂ ತೇವಾಂಶವನ್ನು ಶೇ 12ರೊಳಗೆ ಇಳಿಸಿಯೇ ದಾಸ್ತಾನು ಮಾಡಬೇಕು, ಇಲ್ಲದಿದ್ದರೆ ಬೂಸ್ಟು, ಹುಳ ಬರುತ್ತದೆ. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರಿದರೆ ದರ ಕುಸಿಯುತ್ತದೆ; ಕಾಳನ್ನು ಗೋದಾಮಿನಲ್ಲಿಟ್ಟು, ಅಲ್ಲಿ ಕೊಡುವ ರಸೀದಿಯನ್ನು ಅಡವಿಟ್ಟು ಸಾಲ ಪಡೆದು, ಒಳ್ಳೆಯ ದರಕ್ಕೆ ಕಾಯುವುದು ಲೇಸು.