ಕ್ಲೀವ್ಡ್ ಕ್ಯಾಸ್ಪೇಸ್-3 ಆಂಟಿಬಾಡಿ: ಧಾರವಾಡದ ಲ್ಯಾಬಿನಲ್ಲಿ ಬಳಸಿ ನೋಡಿದ್ದು

ಸೆಲ್ ಸಿಗ್ನಲಿಂಗ್ ಕಂಪನಿಯವರ 9661 ನಂಬರಿನ ಆಂಟಿಬಾಡಿ (ನಿರ್ದಿಷ್ಟ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳೋ ವಸ್ತು), ಮೊಲದ ಪಾಲಿಕ್ಲೋನಲ್, ಅಂದರೆ ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ. ಪಿಎಚ್‌ಡಿ ಶುರು ಮಾಡಿದಾಗಿಂದ ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್‌ಗೆ ಟ್ರಾನ್ಸ್‌ಫರ್ ಮಾಡಿ, ಆಂಟಿಬಾಡಿಯಿಂದ ಗುರುತಿಸೋದು) ಇದನ್ನೇ ಬಳಸುತ್ತಿದ್ದೇನೆ. ಧಾರವಾಡದ ಸಣ್ಣ ಲ್ಯಾಬ್ ನಮ್ಮದು. ಗಿಡದ ಸಾರ ಹಾಕಿದರೆ ಕ್ಯಾನ್ಸರ್ ಕೋಶಗಳು ಸಾಯುತ್ತವಾ, ಸತ್ತರೂ ಅದು ಅಪೊಪ್ಟೋಸಿಸ್ಸೇನಾ (ಕೋಶ ತನ್ನನ್ನು ತಾನೇ ಕ್ರಮವಾಗಿ ಕೊಂದುಕೊಳ್ಳೋದು) ಅಂತ ನೋಡೋ ಕೆಲಸ.

ಇದರಲ್ಲಿ ನನಗೆ ಇಷ್ಟ ಆಗಿದ್ದು, ಸುಮ್ಸುಮ್ನೆ ಬ್ಯಾಂಡ್ (ಪ್ರೋಟೀನ್ ಇರೋ ಕಡೆ ಕಾಣೋ ಗೆರೆ) ತೋರಿಸೋದಿಲ್ಲ. ಕ್ಯಾಸ್ಪೇಸ್-3 ಅಂದರೆ ಅಪೊಪ್ಟೋಸಿಸ್ ನಡೆಸೋ ಕಿಣ್ವ. ಕೋಶ ಆರಾಮಾಗಿದ್ದಾಗ ಅದು ಸುಮಾರು 35 ಕಿಲೋಡಾಲ್ಟನ್‌ನ ಇಡೀ ಪ್ರೋಟೀನ್. ಅದನ್ನು ಇದು ಮುಟ್ಟೋದೇ ಇಲ್ಲ. 175ನೇ ಆಸ್ಪಾರ್ಟಿಕ್ ಆಮ್ಲದ ಹತ್ತಿರ ಕತ್ತರಿಸಿದ ಮೇಲೆ ಸಿಗುವ 17 ಮತ್ತು 19 ಕಿಲೋಡಾಲ್ಟನ್‌ನ ತುಂಡುಗಳನ್ನು ಹಿಡಿಯುತ್ತದೆ. ಅಂದರೆ ಅಪೊಪ್ಟೋಸಿಸ್ ಆಗದಿದ್ದರೆ ಬ್ಯಾಂಡ್ ಬರದಿರೋದೇ ಸರಿ. ಆದರೆ ಬ್ಲಾಟ್ ಖಾಲಿ ಬಂದ ಕೂಡಲೇ ಆಂಟಿಬಾಡಿ ಕೆಟ್ಟಿದೆ ಅನ್ನೋರೇ ಜಾಸ್ತಿ.

ಮೊದಲು ಬಾಟಲಿ ಬಿಟ್ಟು ಬೇರೆ ಎಲ್ಲಾ ನೋಡಿ. ತುಂಡು ಸಣ್ಣದು, ಹಾಗಾಗಿ 0.45 ಮೈಕ್ರಾನ್ ಮೆಂಬ್ರೇನ್ ಹಾಕಿ ಟ್ರಾನ್ಸ್‌ಫರ್ ಜಾಸ್ತಿ ಹೊತ್ತು ಬಿಟ್ಟರೆ ತೂರಿಕೊಂಡು ಆಚೆ ಹೋಗಿಬಿಡುತ್ತದೆ. 0.2ರದ್ದೇ ಬೇಕು, ಜೆಲ್ 15 ಪರ್ಸೆಂಟ್ ಇರಲಿ. ಹೊಸಬರು ಕೋಶ ತೆಗೆಯುವಾಗ ಮೀಡಿಯಾನ ಸಿಂಕಿಗೆ ಸುರಿದುಬಿಡುತ್ತಾರೆ. ಸಾಯುತ್ತಿರುವ ಕೋಶಗಳು ತಳ ಬಿಟ್ಟು ಅದರಲ್ಲೇ ತೇಲುತ್ತಿರುತ್ತವೆ, ಅಲ್ವಾ? ಮೀಡಿಯಾನೂ ಸೆಂಟ್ರಿಫ್ಯೂಜ್ ಮಾಡಿ ತಳದಲ್ಲಿ ಕೂತ ಪೆಲೆಟನ್ನೂ ಜೊತೆಗೆ ಸೇರಿಸಿಕೊಳ್ಳಿ.

ಇನ್ನು ಎಂಸಿಎಫ್-7 ಅನ್ನೋ ಸ್ತನ ಕ್ಯಾನ್ಸರ್ ಕೋಶಗಳು. ಸ್ತನ ಕ್ಯಾನ್ಸರ್ ಅಂದರೆ ನಮ್ಮ ಕಡೆ ಎಲ್ಲರೂ ಪುಣೆಯ ಎನ್‌ಸಿಸಿಎಸ್‌ನಿಂದ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ಅದನ್ನೇ ತರಿಸೋದು. ಅದರ ಕ್ಯಾಸ್ಪೇಸ್-3 ಜೀನ್‌ನಲ್ಲಿ 47 ಬೇಸ್ (ಡಿಎನ್‌ಎ ಅಕ್ಷರಗಳು) ಬಿಟ್ಟುಹೋಗಿವೆ, ಪ್ರೋಟೀನೇ ತಯಾರಾಗೋದಿಲ್ಲ. ಎಷ್ಟು ದುಡ್ಡು ಸುರಿದರೂ ಬ್ಯಾಂಡ್ ಬರೋದಿಲ್ಲ. ಅಲ್ಲಿ ಕ್ಯಾಸ್ಪೇಸ್-7 ಅಥವಾ ಕ್ಯಾಸ್ಪೇಸ್‌ಗಳು ಕತ್ತರಿಸೋ ಪಾರ್ಪ್ ಪ್ರೋಟೀನ್‌ನ 89 ಕಿಲೋಡಾಲ್ಟನ್ ತುಂಡು ನೋಡಿ. ಗೈಡ್ ಒಪ್ಪದಿದ್ದರೆ ಈ ಮಾತು ತೋರಿಸಿ! ಹೀಲಾ ಕೋಶಗಳಿಗೆ 1 ಮೈಕ್ರೋಮೋಲಾರ್ ಸ್ಟಾರೋಸ್ಪೋರಿನ್ (ಅಪೊಪ್ಟೋಸಿಸ್ ತರಿಸೋ ರಾಸಾಯನಿಕ) ಹಾಕಿದ ಲೇನ್ ಒಂದು ಪ್ರತಿ ಬ್ಲಾಟ್‌ನಲ್ಲೂ ಇರಲಿ. ಅಲ್ಲಿ ಬ್ಯಾಂಡ್ ಬಂದು ನಿಮ್ಮ ಸ್ಯಾಂಪಲ್‌ನಲ್ಲಿ ಬರದಿದ್ದರೆ ಬಾಟಲಿಯನ್ನು ಬೈಯಬೇಡಿ.

ಮೈನಸ್ 20ರಲ್ಲಿ ಇಟ್ಟರೂ ಇದು ಗಟ್ಟಿಯಾಗೋದಿಲ್ಲ, ಅರ್ಧ ಗ್ಲಿಸರಾಲ್. ಫ್ರೀಜರ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಸಣ್ಣ ಸಣ್ಣ ಟ್ಯೂಬಿಗೆ ಹಂಚೋದೂ ಬೇಡ. ಕರೆಂಟು ಸ್ವಲ್ಪ ಹೊತ್ತು ಹೋದರೆ ಬಾಗಿಲು ತೆಗೆಯದೆ ಬಿಡಿ, ನಮ್ಮದು ಮಳೆಗಾಲದಲ್ಲೂ ಹಾಗೇ ಉಳಿದಿದೆ. ನನ್ನ ಸಿಟ್ಟೆಲ್ಲ ತರಿಸಿಕೊಡುವ ಡೀಲರ್ ಮೇಲೆ. ಒಂದು ಸಲ ಐಸ್ ಪ್ಯಾಕ್ ಪೂರ್ತಿ ನೀರಾಗಿದ್ದ ಡಬ್ಬಿ ಶನಿವಾರ ಸಂಜೆ ಗೇಟಿನ ವಾಚ್‌ಮನ್ ಕೈಗೆ ಕೊಟ್ಟು ಹೋಗಿದ್ದರು. ಫೋನ್ ಮಾಡಿದರೆ 'ಏನೂ ಆಗೋದಿಲ್ಲ ಮೇಡಂ' ಅನ್ನೋ ಉತ್ತರ.

ಆಂಟಿಬಾಡಿಯನ್ನು 1:1000ಕ್ಕೆ ತೆಳುವಾಗಿಸಿ 10 ಎಂಎಲ್ ಮಾಡಿದರೆ 10 ಮೈಕ್ರೋಲೀಟರ್ ಹೋಯ್ತು, 20 ಮೈಕ್ರೋಲೀಟರ್‌ನ ಪ್ಯಾಕ್ ಎರಡೇ ಸಲಕ್ಕೆ ಖಾಲಿ. ಅದಕ್ಕೇ ಮೆಂಬ್ರೇನ್‌ನ 25 ಕಿಲೋಡಾಲ್ಟನ್ ಮಾರ್ಕರ್ ಹತ್ತಿರ ಅಡ್ಡಕ್ಕೆ ಕತ್ತರಿಸಿ, ಮೇಲಿನ ಪಟ್ಟಿಯಲ್ಲಿ ಆಕ್ಟಿನ್ (ಎಲ್ಲಾ ಲೇನ್‌ನಲ್ಲೂ ಪ್ರೋಟೀನ್ ಸಮ ಇದೆಯಾ ಅಂತ ತಿಳಿಸೋದು) ನೋಡಿ, ಕೆಳಗಿನ ಸಣ್ಣ ಪಟ್ಟಿಗೆ 3 ಎಂಎಲ್ ಸಾಕು. ಪಾಲಿಕ್ಲೋನಲ್ ಆದ್ದರಿಂದ ಲಾಟ್ (ತಯಾರಿಕೆಯ ಬ್ಯಾಚ್) ಬದಲಾದಾಗ ಹಳೇ ಬಾಟಲಿಯಲ್ಲಿ ಉಳಿದಿದ್ದರ ಜೊತೆ ಒಂದೇ ಸ್ಯಾಂಪಲ್ ಓಡಿಸಿ ನೋಡಿಕೊಳ್ಳಿ. ಇಲಿಯ (ಮೌಸ್ ಅಲ್ಲ, ರ್‍ಯಾಟ್) ಅಂಗಾಂಶಕ್ಕೆ ಬಣ್ಣ ಹಾಕೋರು ಮಾತ್ರ ಡೇಟಾಶೀಟ್ ಓದಿಯೇ ಆರ್ಡರ್ ಮಾಡಿ, ನ್ಯೂಕ್ಲಿಯಸ್‌ನಲ್ಲಿ ಬ್ಯಾಕ್‌ಗ್ರೌಂಡ್ ಬರಬಹುದು ಅಂತ ಅದರಲ್ಲೇ ಬರೆದಿದ್ದಾರೆ.