ಕನ್ನಡ ಹೆಸರುಗಳಿಗೆ ಪೋಸ್ಟ್‌ಗ್ರೆಸ್ ಎಷ್ಟು ಒಗ್ಗುತ್ತದೆ?

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಮಾಹಿತಿ ಕೂಡಿಡುವ ಡೇಟಾಬೇಸ್ ಸಾಫ್ಟ್‌ವೇರುಗಳು. ಟೇಬಲ್, ಕಾಲಮ್‌ಗಳಿಗೆ ಕನ್ನಡದಲ್ಲೇ ಹೆಸರಿಡಲು ಪೋಸ್ಟ್‌ಗ್ರೆಸ್ ಬಿಡುತ್ತದೆ, ಮೈಎಸ್‌ಕ್ಯೂಎಲ್ ಕೂಡ ಬಿಡುತ್ತದೆ. ಹೆಸರಿಗೆ ಕೋಟ್ (ಉದ್ಧರಣ ಚಿಹ್ನೆ) ಹಾಕುವ ಅಗತ್ಯವೂ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪೆಟ್ಟು ಬೀಳುವುದು ಹೆಸರಿನ ಉದ್ದಕ್ಕೆ.

ಅದರ ಮಿತಿ 63 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ವ್ಯಂಜನ, ಗುಣಿತದ ಚಿಹ್ನೆ, ಅರ್ಧಾಕ್ಷರ ಮಾಡುವ ಹಲಂತ, ಅನುಸ್ವಾರ ಎಲ್ಲವೂ ಬೇರೆಬೇರೆ ಸಂಕೇತಗಳೇ. ‘ವಿದ್ಯಾರ್ಥಿ’ ಕಣ್ಣಿಗೆ ಮೂರೇ ಅಕ್ಷರ, ಆದರೆ ಒಳಗೆ 10 ಸಂಕೇತ, 30 ಬೈಟ್. ‘ವಿದ್ಯಾರ್ಥಿ_ಹಾಜರಾತಿ_ವಿವರ’ ಎಂದು ಟೇಬಲ್ ಮಾಡಿದರೆ 65 ಬೈಟ್ ಆಗುತ್ತದೆ. ಪೋಸ್ಟ್‌ಗ್ರೆಸ್ ಕೊನೆಯ ‘ರ’ ಕತ್ತರಿಸಿ ‘ವಿದ್ಯಾರ್ಥಿ_ಹಾಜರಾತಿ_ವಿವ’ ಎಂಬ ಟೇಬಲ್ ಮಾಡಿ ಕೂರಿಸುತ್ತದೆ! ಎರರ್ ಬರುವುದಿಲ್ಲ, ಒಂದು ನೋಟಿಸ್ ಮಾತ್ರ. ಆ್ಯಪ್‌ನ ಡ್ರೈವರ್ (ಆ್ಯಪ್‌ನ್ನು ಡೇಟಾಬೇಸ್‌ಗೆ ಜೋಡಿಸುವ ಭಾಗ) ಮೂಲಕ ಹೋದ ಕ್ವೆರಿಯಾದರೆ (ಡೇಟಾಬೇಸ್‌ಗೆ ಕೊಡುವ ಆದೇಶ) ಆ ನೋಟಿಸ್ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಮೊದಲ 63 ಬೈಟ್ ಒಂದೇ ಇರುವ ಎರಡನೇ ಟೇಬಲ್ ಮಾಡಹೊರಟಾಗ ‘ಈಗಾಗಲೇ ಇದೆ’ ಎಂಬ ಎರರ್ ಬರುತ್ತದೆ, ಆಗ ತಲೆಬುಡ ತಿಳಿಯುವುದಿಲ್ಲ. ಇಲ್ಲಿ ನೇರವಾಗಿ ಎರರ್ ಕೊಡಬೇಕಿತ್ತು. ಈ ಸಾಫ್ಟ್‌ವೇರಿನ ಹೆಸರಿಡುವ ನಿಯಮಗಳಲ್ಲಿ ಒಪ್ಪಲಾಗದ ಭಾಗ ಇದೊಂದೇ.

ವರದಿಗಳಲ್ಲಿ ಇದು ಇನ್ನೂ ಬೇಗ ಎದುರಾಗುತ್ತದೆ, ಏಕೆಂದರೆ ಕಾಲಮ್‌ಗೆ ಕೊಡುವ ಅಲಿಯಾಸ್‌ಗೂ (ವರದಿಯಲ್ಲಿ ಕಾಣುವ ಬದಲಿ ಹೆಸರು) ಅದೇ ಮಿತಿ. ‘ಒಟ್ಟು ಹಾಜರಾದ ದಿನಗಳ ಸಂಖ್ಯೆ’ 69 ಬೈಟ್. ತಲೆಬರಹದಲ್ಲಿ ಉಳಿಯುವುದು ‘ಒಟ್ಟು ಹಾಜರಾದ ದಿನಗಳ ಸಂಖ್’. ಮಿತಿ ಹೆಚ್ಚಿಸಬೇಕೆಂದರೆ ಸೋರ್ಸ್ ಕೋಡ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಹೆಸರನ್ನು 21 ಸಂಕೇತಗಳೊಳಗೆ ಇಡುವುದೇ ಸುಲಭ. ಮೈಎಸ್‌ಕ್ಯೂಎಲ್ ಇಲ್ಲಿ ಉದಾರಿ: ಬೈಟ್ ಬದಲು ಸಂಕೇತ ಎಣಿಸುತ್ತದೆ, ಟೇಬಲ್‌ಗೆ 64, ಅಲಿಯಾಸ್‌ಗೆ 256.

ಉಳಿದ ನಿಯಮಗಳು ಸರಳ. ಕೋಟ್ ಇಲ್ಲದ ಹೆಸರು ಅಕ್ಷರದಿಂದ ಇಲ್ಲವೇ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು. ಮುಂದೆ ಅಂಕಿ, ಡಾಲರ್ ಚಿಹ್ನೆ ಬರಬಹುದು. ‘2024_ಲೆಕ್ಕ’ ನಡೆಯದು. ‘೨೦೨೪_ಲೆಕ್ಕ’ ನಡೆಯುತ್ತದೆ, ಏಕೆಂದರೆ ಆಸ್ಕಿಯಾಚೆಗಿನ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಮೂಲ ಪಟ್ಟಿಯ ಹೊರಗಿನ) ಎಲ್ಲವನ್ನೂ ಪೋಸ್ಟ್‌ಗ್ರೆಸ್ ಅಕ್ಷರವೆಂದೇ ಓದುತ್ತದೆ. ಹೈಫನ್‌ನ್ನು ಅದು ಕಳೆಯುವ ಚಿಹ್ನೆ ಎಂದುಕೊಳ್ಳುತ್ತದೆ, ಹಾಗಾಗಿ ಡಬಲ್ ಕೋಟ್ ಬೇಕು. ಆದರೆ ಟರ್ಮಿನಲ್‌ನ ‘ಕ್ರಿಯೇಟ್‌ಡಿಬಿ’ ಕಮಾಂಡ್ ತಾನೇ ಕೋಟ್ ಹಾಕಿಕೊಳ್ಳುವುದರಿಂದ ಹೈಫನ್ ಇರುವ ಡೇಟಾಬೇಸ್ ಸಲೀಸಾಗಿ ಆಗಿಬಿಡುತ್ತದೆ. ಮುಂದೆ ಅದನ್ನು ಅಳಿಸಲು, ಅನುಮತಿ ಕೊಡಲು ಬರೆಯುವ ಪ್ರತಿ ಕ್ವೆರಿಯಲ್ಲೂ ಕೋಟ್ ಹಾಕಬೇಕು.

ಕೋಟ್ ಇಲ್ಲದ ಇಂಗ್ಲಿಷ್ ದೊಡ್ಡಕ್ಷರಗಳನ್ನು ಪೋಸ್ಟ್‌ಗ್ರೆಸ್ ಚಿಕ್ಕಕ್ಷರ ಮಾಡಿಕೊಳ್ಳುತ್ತದೆ, ಯಾವ ಆಪರೇಟಿಂಗ್ ಸಿಸ್ಟಂ ಆದರೂ ಹೀಗೆಯೇ. ಈ ಸ್ಥಿರತೆ ದೊಡ್ಡ ಗುಣ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾಬೇಸ್, ಟೇಬಲ್ ಹೆಸರುಗಳು ಡಿಸ್ಕ್‌ನ ಫೋಲ್ಡರ್, ಫೈಲ್‌ಗಳ ಹೆಸರಾಗುತ್ತವೆ. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ವಿಂಡೋಸ್‌ಗೆ ಒಂದೇ, ಲಿನಕ್ಸ್‌ಗೆ ಬೇರೆ. ಅದರಿಂದ ವಿಂಡೋಸ್‌ನಲ್ಲಿ ನಡೆದ ಕ್ವೆರಿ ಲಿನಕ್ಸ್‌ನಲ್ಲಿ ‘ಟೇಬಲ್ ಇಲ್ಲ’ ಎನ್ನಬಹುದು. ಕನ್ನಡ ಹೆಸರುಗಳು ಫೈಲ್ ಪಟ್ಟಿಯಲ್ಲಿ @ ಚಿಹ್ನೆ ಮತ್ತು ಸಂಕೇತಗಳ ಸಾಲಾಗಿ ಕಾಣುತ್ತವೆ. ಪೋಸ್ಟ್‌ಗ್ರೆಸ್ ಡಿಸ್ಕ್‌ನಲ್ಲಿ ಬಳಸುವುದು ಬರೀ ಸಂಖ್ಯೆ.

ಕನ್ನಡಕ್ಕೇ ಅಂಟಿದ ಇನ್ನೊಂದು ತೊಂದರೆ: ಕೀಬೋರ್ಡ್ ಸೇರಿಸುವ ಕಾಣದ ಜೋಡಣೆ ಸಂಕೇತಗಳು. ನೋಡಲು ಒಂದೇ ಥರದ ಎರಡು ಹೆಸರುಗಳು ಪೋಸ್ಟ್‌ಗ್ರೆಸ್‌ಗೆ ಬೇರೆಬೇರೆ. ‘ಆಕ್ಟೆಟ್ ಲೆಂತ್’ ಫಂಕ್ಷನ್‌ಗೆ ಎರಡನ್ನೂ ಕೊಟ್ಟು ಬೈಟ್ ಲೆಕ್ಕ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ.

ಹೆಸರಿಡುವ ವಿಷಯದಲ್ಲಿ ಪೋಸ್ಟ್‌ಗ್ರೆಸ್‌ಗೆ ಐದಕ್ಕೆ ನಾಲ್ಕು ಅಂಕ. ಹಲವರು ಸೇರಿ ಮಾಡುವ ಕೆಲಸವಾದರೆ ಹೆಸರನ್ನು ಇಂಗ್ಲಿಷ್ ಚಿಕ್ಕಕ್ಷರ ಮತ್ತು ಅಂಡರ್‌ಸ್ಕೋರ್‌ನಲ್ಲೇ ಇಟ್ಟು, ಕನ್ನಡದ ವಿವರಣೆಯನ್ನು ಕಾಲಮ್‌ನ ಕಾಮೆಂಟ್‌ನಲ್ಲಿ ಬರೆಯುವುದು ಲೇಸು. ಕಾಮೆಂಟ್‌ಗೆ 63 ಬೈಟ್‌ಗಳ ಕಟ್ಟುಪಾಡಿಲ್ಲ.